ಮಕ್ಕಳ ಕಣ್ಣಿನ ಪೊರೆ: ಶಸ್ತ್ರಚಿಕಿತ್ಸೆಯ ಅಪಾಯಗಳನ್ನು ತೂಗಿ ನೋಡುವುದು ಹೇಗೆ?

ಮಗುವಿನ ಕಣ್ಣಿನಲ್ಲಿ ಪೊರೆ ಇದೆ ಎಂದು ವೈದ್ಯರು ಹೇಳಿದ ಕೂಡಲೇ ತಂದೆತಾಯಿ ಕೇಳುವ ಮೊದಲ ಪ್ರಶ್ನೆ, ಇಷ್ಟು ಚಿಕ್ಕ ಕೂಸಿಗೆ ಶಸ್ತ್ರಚಿಕಿತ್ಸೆ ಅಪಾಯವಲ್ಲವೇ ಎಂಬುದು. ಅಪಾಯ ಇದೆ. ಅದನ್ನು ಮುಚ್ಚಿಟ್ಟು ಧೈರ್ಯ ಹೇಳುವುದರಿಂದ ಯಾರಿಗೂ ಉಪಕಾರವಿಲ್ಲ. ಆದರೆ ಇದು ಅರ್ಧ ಪ್ರಶ್ನೆ ಮಾತ್ರ. ಮಾಡಿಸದೇ ಬಿಟ್ಟರೆ ಏನು, ತಡವಾಗಿ ಮಾಡಿಸಿದರೆ ಏನು, ಮಾಡಿಸಿದ ಮೇಲೆ ಕನ್ನಡಕವನ್ನೋ ಕಣ್ಣುಪಟ್ಟಿಯನ್ನೋ ನಡುವೆ ಬಿಟ್ಟರೆ ಏನು ಎಂಬ ಉಳಿದರ್ಧವನ್ನೂ ಜೊತೆಗಿಟ್ಟು ತೂಗಬೇಕು. ಈ ಬರಹ ಆ ತೂಕಕ್ಕಾಗಿ. ಪೊರೆ ಎಂದರೆ ಕಣ್ಣಿನೊಳಗಿನ ಮಸೂರ ಮಬ್ಬಾಗುವುದು; ಶಸ್ತ್ರಚಿಕಿತ್ಸೆ ಎಂದರೆ ಆ ಮಬ್ಬಾದ ಮಸೂರವನ್ನು ತೆಗೆಯುವುದು.

ದೊಡ್ಡವರ ಪೊರೆಯ ಅನುಭವವನ್ನು ಮೊದಲು ಬದಿಗಿಡಿ. ಅಜ್ಜನ ಕಣ್ಣಿನ ಪೊರೆ ಒಂದು ವರ್ಷ ಕಾದರೂ, ತೆಗೆದ ಮರುದಿನ ಅವರಿಗೆ ಲೋಕ ಸ್ವಚ್ಛವಾಗಿ ಕಾಣುತ್ತದೆ; ಅವರ ಮಿದುಳು ನೋಡುವುದನ್ನು ಎಂದೋ ಕಲಿತಾಗಿದೆ. ಹಸುಗೂಸಿನ ಮಿದುಳು ಈಗಷ್ಟೇ ಕಲಿಯುತ್ತಿದೆ. ಹುಟ್ಟಿದ ಮೊದಲ ವಾರಗಳಲ್ಲಿ ಕಣ್ಣಿನಿಂದ ಸ್ಪಷ್ಟ ಚಿತ್ರ ಹೋಗದಿದ್ದರೆ, ಆ ಕಣ್ಣಿಗೆ ಮೀಸಲಾಗಬೇಕಾದ ನರಕೋಶಗಳ ಸಂಪರ್ಕ ಬಲಗೊಳ್ಳುವುದೇ ಇಲ್ಲ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮುಚ್ಚಿಟ್ಟು ಇದನ್ನು ತೋರಿಸಿಕೊಟ್ಟರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಹೀಗೆ ಹಿಂದುಳಿದ ಕಣ್ಣನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಮಸೂರ ಎಷ್ಟೇ ಸ್ವಚ್ಛವಾದರೂ ಸೋಮಾರಿ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ. ಮುಂದೆ ಬರುವ ಎಲ್ಲ ಹೋಲಿಕೆಗಳ ಹಿಂದೆಯೂ ಈ ಗಡಿಯಾರ ಓಡುತ್ತಿರುತ್ತದೆ.

ಮಾಡಿಸುವುದೋ, ಕಾದು ನೋಡುವುದೋ?

ಎಲ್ಲ ಪೊರೆಗೂ ಕತ್ತರಿ ಬೇಕಿಲ್ಲ. ಮಸೂರದ ಮುಂಭಾಗದಲ್ಲಿ ಚುಕ್ಕೆಯಂತೆ ಕೂತ ಪೊರೆ, ಅಂಚಿನಲ್ಲಿರುವ ಪೊರೆ, ಬೆಳಕು ಹಾದುಹೋಗುವಷ್ಟು ತೆಳುವಾದ ಪೊರೆ ವರ್ಷಗಟ್ಟಲೆ ತೊಂದರೆ ಕೊಡದೆ ಇರಬಹುದು. ಕಣ್ಣಪಾಪೆಯ ಮಧ್ಯದಲ್ಲಿ ಸುಮಾರು 3 ಮಿಲಿಮೀಟರಿಗಿಂತ ದೊಡ್ಡದಾಗಿ, ದಟ್ಟವಾಗಿ ಕೂತದ್ದು ದೃಷ್ಟಿಯನ್ನು ತಡೆಯುತ್ತದೆ. ಮಸೂರದ ಹಿಂಭಾಗದ ಪೊರೆ ಚಿಕ್ಕದಾಗಿ ಕಂಡರೂ ಮುಂಭಾಗದ್ದಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ.

ಕಾಯುವ ದಾರಿಯಲ್ಲಿ ಅರಿವಳಿಕೆಯ ಭಯವಿಲ್ಲ, ಸೋಂಕಿನ ಭಯವಿಲ್ಲ, ಮಗುವಿನ ಸ್ವಂತ ಮಸೂರ ಉಳಿಯುತ್ತದೆ. ಇದು ಸಣ್ಣ ಲಾಭವೇನಲ್ಲ. ಹತ್ತಿರಕ್ಕೂ ದೂರಕ್ಕೂ ದೃಷ್ಟಿಯನ್ನು ತಾನೇ ಹೊಂದಿಸಿಕೊಳ್ಳುವ ಶಕ್ತಿ ಆ ಸ್ವಂತ ಮಸೂರಕ್ಕೆ ಮಾತ್ರ ಇದೆ. ತೆಗೆದರೆ ಅದು ಮರಳಿ ಬರುವುದಿಲ್ಲ. ಅಂಥ ಮಕ್ಕಳಿಗೆ ಕನ್ನಡಕ, ಪಾಪೆಯನ್ನು ಅಗಲಿಸುವ ಹನಿ, ಚೆನ್ನಾಗಿರುವ ಕಣ್ಣಿಗೆ ದಿನದ ಕೆಲವು ಹೊತ್ತು ಪಟ್ಟಿ, ಇವುಗಳಿಂದ ದೃಷ್ಟಿಯನ್ನು ಕಾಪಾಡಿಕೊಂಡು ಹೋಗಬಹುದು. ಆದರೆ ಕಾಯುವುದು ಎಂದರೆ ಸುಮ್ಮನಿರುವುದು ಎಂದಲ್ಲ. ವೈದ್ಯರು ಹೇಳಿದ ಅಂತರದಲ್ಲಿ ಪರೀಕ್ಷೆ ನಡೆಯಲೇಬೇಕು. ಮಗು ಮುಖ ನೋಡುವುದನ್ನು ಬಿಟ್ಟರೆ, ಮೆಳ್ಳೆಗಣ್ಣು ಕಾಣಿಸಿಕೊಂಡರೆ, ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಅಲುಗತೊಡಗಿದರೆ ಕಾಯುವ ಕಾಲ ಮುಗಿದಿದೆ.

ಇನ್ನೊಂದು ದಾರಿಯನ್ನೂ ಹೆಸರಿಸಿಬಿಡುತ್ತೇನೆ, ಏಕೆಂದರೆ ಅನೇಕ ಮನೆಗಳಲ್ಲಿ ಅಮೂಲ್ಯ ತಿಂಗಳುಗಳು ಅಲ್ಲಿಯೇ ಕಳೆದುಹೋಗುತ್ತವೆ: ಪೊರೆಯನ್ನು ಕರಗಿಸುವ ಹನಿ, ಪುಡಿ, ರಸ. ಹುಟ್ಟಿನಿಂದ ಬಂದ ದಟ್ಟ ಪೊರೆಯನ್ನು ಕರಗಿಸುವ ಹನಿ ಔಷಧ ಇಲ್ಲ. ಮನೆಮದ್ದನ್ನು ಕಣ್ಣಿಗೆ ಹಾಕಿದರೆ ಹುಣ್ಣಾಗಬಹುದು. ಒಂದೇ ಒಂದು ಮುಖ್ಯ ವಿನಾಯಿತಿ ಎಂದರೆ ಗ್ಯಾಲಕ್ಟೋಸೀಮಿಯಾ. ಹಾಲಿನ ಸಕ್ಕರೆಯನ್ನು ಅರಗಿಸಲಾಗದ ಈ ಆನುವಂಶಿಕ ತೊಂದರೆಯಲ್ಲಿ ಬಂದ ಪೊರೆ, ಬೇಗ ಗುರುತಿಸಿ ಆ ಸಕ್ಕರೆಯನ್ನು ಆಹಾರದಿಂದ ತೆಗೆದರೆ ಕಡಿಮೆಯಾಗಬಹುದು. ಎರಡೂ ಕಣ್ಣಿನಲ್ಲಿ ಪೊರೆ ಇರುವ ಕೂಸಿಗೆ ರಕ್ತ ಮತ್ತು ಮೂತ್ರದ ಪರೀಕ್ಷೆ ಬರೆಯುವುದರ ಒಂದು ಕಾರಣ ಇದೇ. ಗರ್ಭದಲ್ಲಿರುವಾಗ ತಗಲಿದ ರುಬೆಲ್ಲಾ ಸೋಂಕನ್ನೂ ಹುಡುಕುತ್ತಾರೆ. ರುಬೆಲ್ಲಾಕ್ಕೂ ಮಕ್ಕಳ ಪೊರೆಗೂ ಇರುವ ನಂಟನ್ನು ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿಯೇ ಗುರುತಿಸಿದ್ದರು. ಅಂಥ ಮಕ್ಕಳಲ್ಲಿ ಹೃದಯದ ದೋಷ, ಕಿವುಡುತನ ಜೊತೆಗಿರಬಹುದಾದ್ದರಿಂದ ಅರಿವಳಿಕೆಗೆ ಮೊದಲೇ ಅದು ಗೊತ್ತಿರಬೇಕು.

ಮಗುವಿನ ಪಾಪೆಯಲ್ಲಿ ಕಾಣುವ ಬಿಳುಪೆಲ್ಲ ಪೊರೆಯಲ್ಲ ಎಂಬುದೂ ನೆನಪಿರಲಿ. ರೆಟಿನೊಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಕೂಡ ಹಾಗೆಯೇ ಕಾಣುತ್ತದೆ. ಫೋಟೊದಲ್ಲಿ ಒಂದು ಕಣ್ಣು ಕೆಂಪಾಗಿಯೂ ಇನ್ನೊಂದು ಬೆಳ್ಳಗೂ ಬಂದರೆ ಕಾಯುವ ಮಾತೇ ಬೇಡ; ಅದೇ ವಾರ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಬೇಗ ಮಾಡಿಸುವುದೋ, ಸ್ವಲ್ಪ ದೊಡ್ಡದಾಗಲಿ ಎನ್ನುವುದೋ?

ಇಲ್ಲಿ ಎರಡು ಅಪಾಯಗಳು ಎದುರು ದಿಕ್ಕಿಗೆ ಎಳೆಯುತ್ತವೆ. ಹುಟ್ಟಿದ ಮೊದಲ ನಾಲ್ಕು ವಾರಗಳ ಒಳಗೆ ಶಸ್ತ್ರಚಿಕಿತ್ಸೆ ಮಾಡಿದರೆ ಮುಂದೆ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡ ಏರಿ ನರ ಸವೆಯುವ ಕಾಯಿಲೆ ಬರುವ ಸಂಭವ ಹೆಚ್ಚುತ್ತದೆ. ಅರಿವಳಿಕೆಯೂ ಆ ವಯಸ್ಸಿನಲ್ಲಿ ಹೆಚ್ಚು ಸೂಕ್ಷ್ಮ. ಇತ್ತ ತಡ ಮಾಡಿದಷ್ಟೂ ಸೋಮಾರಿ ಕಣ್ಣು ಗಟ್ಟಿಯಾಗುತ್ತದೆ. ಈ ಎರಡರ ನಡುವೆ ಸಿಗುವ ಕಿಟಕಿ ಕಿರಿದು. ಒಂದೇ ಕಣ್ಣಿನಲ್ಲಿ ದಟ್ಟ ಪೊರೆ ಇದ್ದರೆ ನಾಲ್ಕರಿಂದ ಆರು ವಾರದ ಹೊತ್ತಿಗೆ, ಎರಡೂ ಕಣ್ಣಿನಲ್ಲಿದ್ದರೆ ಸುಮಾರು ಎಂಟು ವಾರದ ಒಳಗೆ ಮಾಡಿಸುವುದು ಸಾಮಾನ್ಯ ಸಲಹೆ. ಒಂದೇ ಕಣ್ಣಿನ ಪೊರೆಗೆ ಹೆಚ್ಚು ಅವಸರ ಏಕೆಂದರೆ, ಚೆನ್ನಾಗಿರುವ ಕಣ್ಣು ಮಿದುಳಿನಲ್ಲಿ ಇಡೀ ಜಾಗವನ್ನು ಆಕ್ರಮಿಸಿಕೊಂಡು ಇನ್ನೊಂದನ್ನು ಹೊರಗಟ್ಟುತ್ತದೆ. ಮೂರು ತಿಂಗಳ ಸುಮಾರಿಗೆ ಕಣ್ಣುಗುಡ್ಡೆಗಳು ಅಲುಗುವ ನಿಸ್ಟಾಗ್ಮಸ್ ಬಂದು ಕೂತರೆ, ಪೊರೆ ತೆಗೆದರೂ ಅದು ಪೂರ್ತಿ ಹೋಗುವುದು ಅಪರೂಪ.

ಮಗು ಸ್ವಲ್ಪ ಗಟ್ಟಿಮುಟ್ಟಾಗಲಿ, ಒಂದು ವರ್ಷ ತುಂಬಲಿ ಎಂಬ ಹಿರಿಯರ ಮಾತು ಕಾಳಜಿಯಿಂದ ಬಂದದ್ದೇ. ಆದರೆ ದಟ್ಟ ಪೊರೆಯ ವಿಷಯದಲ್ಲಿ ಆ ಒಂದು ವರ್ಷ ಮಗುವಿನಿಂದ ಕಿತ್ತುಕೊಂಡ ದೃಷ್ಟಿ. ಮೂಗು ಸೋರುವಿಕೆ, ಜ್ವರ, ಕಣ್ಣೀರಿನ ನಾಳದ ಸೋಂಕು ಇದ್ದರೆ ಕೆಲವು ದಿನ ಮುಂದೂಡುವುದು ಸರಿ. ಅದು ವೈದ್ಯರೇ ಕೇಳುವ ವಿರಾಮ.

ಹಾಗೆಂದು ತಡವಾದ ಮಗುವಿಗೆ ಬಾಗಿಲು ಮುಚ್ಚಿತೆಂದು ಭಾವಿಸಬೇಡಿ. ವಿಜ್ಞಾನಿ ಪವನ್ ಸಿನ್ಹಾ ಆರಂಭಿಸಿದ ಪ್ರಾಜೆಕ್ಟ್ ಪ್ರಕಾಶ್, ಹುಟ್ಟಿನಿಂದ ಎರಡೂ ಕಣ್ಣಿನಲ್ಲಿ ಪೊರೆ ಇದ್ದು ವರ್ಷಗಳ ನಂತರ ಚಿಕಿತ್ಸೆ ಪಡೆದ ಮಕ್ಕಳನ್ನು ಗಮನಿಸಿದೆ. ಅವರಿಗೆ ಸಣ್ಣಕ್ಷರ ಓದುವಂಥ ತೀಕ್ಷ್ಣ ದೃಷ್ಟಿ ಬರದಿದ್ದರೂ, ವಸ್ತುಗಳನ್ನು ಗುರುತಿಸುವ, ದಾರಿ ನೋಡಿಕೊಂಡು ನಡೆಯುವ ಶಕ್ತಿ ಬಂದದ್ದುಂಟು. ಪೂರ್ತಿ ಸಿಗದು ಎಂಬ ಕಾರಣಕ್ಕೆ ಸಿಗುವಷ್ಟನ್ನೂ ಬಿಡುವುದು ನ್ಯಾಯವಲ್ಲ. ಇನ್ನು ಹುಟ್ಟಿದಾಗ ಕಣ್ಣು ಚೆನ್ನಾಗಿದ್ದು, ನಾಲ್ಕೈದು ವರ್ಷದ ಮೇಲೆ ಪೆಟ್ಟಿನಿಂದಲೋ ಸ್ಟೀರಾಯ್ಡ್ ಔಷಧದಿಂದಲೋ ಪೊರೆ ಬಂದ ಮಕ್ಕಳ ಲೆಕ್ಕ ಬೇರೆ. ಅವರ ಮಿದುಳು ನೋಡಿ ಅಭ್ಯಾಸವಾಗಿರುವುದರಿಂದ ಫಲಿತಾಂಶ ಸಾಮಾನ್ಯವಾಗಿ ಉತ್ತಮ.

ಅಪಾಯಗಳಲ್ಲಿ ಯಾವುದು ದೊಡ್ಡದು?

ತಂದೆತಾಯಿ ಹೆಚ್ಚು ಹೆದರುವುದು ಅರಿವಳಿಕೆಗೆ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆ ಮಿದುಳಿನ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಹುದೆಂದು ಎಚ್ಚರಿಸಿತು. 2019ರಲ್ಲಿ ಪ್ರಕಟವಾದ, ಏಳು ದೇಶಗಳ ಸುಮಾರು 700 ಶಿಶುಗಳ ಅಧ್ಯಯನದಲ್ಲಿ, ಒಂದು ಗಂಟೆಗಿಂತ ಕಡಿಮೆ ಹೊತ್ತಿನ ಒಂದು ಅರಿವಳಿಕೆಯಿಂದ ಐದನೇ ವಯಸ್ಸಿನಲ್ಲಿ ಬುದ್ಧಿಮತ್ತೆಗೆ ಯಾವ ಹಾನಿಯೂ ಕಾಣಲಿಲ್ಲ. ಎರಡನ್ನೂ ಸೇರಿಸಿ ಓದಿದರೆ ಪಾಠ ಹೀಗೆ: ಮೊದಲ ಅರಿವಳಿಕೆಗೆ ಹೆದರಿ ಚಿಕಿತ್ಸೆ ಬಿಡಬಾರದು, ಆದರೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವ ದಾರಿಯನ್ನು ಆಯ್ದುಕೊಳ್ಳುವ ಮೊದಲು ಯೋಚಿಸಬೇಕು. ಮಕ್ಕಳ ಅರಿವಳಿಕೆಯಲ್ಲಿ ನುರಿತ ತಜ್ಞರು ಇರುವ ಆಸ್ಪತ್ರೆಯನ್ನು ಹುಡುಕುವುದು, ಮನೆಗೆ ಹತ್ತಿರದ ಆಸ್ಪತ್ರೆಯನ್ನು ಆರಿಸುವುದಕ್ಕಿಂತ ಮುಖ್ಯ.

ಕಣ್ಣಿನ ಒಳಗಿನ ಸೋಂಕು ಅಪರೂಪ, ಆದರೆ ಬಂದರೆ ಕಣ್ಣನ್ನೇ ಕಳೆಯಬಹುದು. ಮೊದಲ ವಾರದಲ್ಲಿ ಕಣ್ಣು ಹೆಚ್ಚು ಕೆಂಪಾದರೆ, ರೆಪ್ಪೆ ಊದಿದರೆ, ಕೀವು ಬಂದರೆ, ಮಗು ಅಳು ನಿಲ್ಲಿಸದಿದ್ದರೆ ಬೆಳಗಾಗುವವರೆಗೆ ಕಾಯಬಾರದು. ಉರಿಯೂತ ಇದಕ್ಕಿಂತ ಸಾಮಾನ್ಯ. ಮಕ್ಕಳ ಕಣ್ಣು ದೊಡ್ಡವರದಕ್ಕಿಂತ ಹೆಚ್ಚು ಉರಿಯೂತದಿಂದ ಪ್ರತಿಕ್ರಿಯಿಸುತ್ತದೆ, ಆದ್ದರಿಂದ ಸ್ಟೀರಾಯ್ಡ್ ಹನಿಯನ್ನು ವಾರಗಟ್ಟಲೆ ಹೇಳಿದ ಲೆಕ್ಕದಲ್ಲಿಯೇ ಹಾಕಬೇಕು. ತಾವಾಗಿ ನಿಲ್ಲಿಸುವುದೂ ತಪ್ಪು, ತಾವಾಗಿ ಮುಂದುವರಿಸುವುದೂ ತಪ್ಪು, ಏಕೆಂದರೆ ಅದೇ ಹನಿ ಕೆಲವು ಮಕ್ಕಳಲ್ಲಿ ಕಣ್ಣಿನ ಒತ್ತಡ ಏರಿಸುತ್ತದೆ.

ಪೊರೆ ಮತ್ತೆ ಬಂತು ಎಂದು ಜನ ಹೇಳುವುದು, ಮಸೂರವನ್ನು ಸುತ್ತಿದ್ದ ತೆಳು ಚೀಲದ ಹಿಂಭಾಗ ಮಂಜಾಗುವುದನ್ನು. ಎಳೆಯ ಮಕ್ಕಳಲ್ಲಿ ಚೀಲದ ಹಿಂಭಾಗವನ್ನು ಹಾಗೆಯೇ ಬಿಟ್ಟರೆ ಇದು ಬಹುತೇಕ ಖಂಡಿತ. ದೊಡ್ಡವರಾದರೆ ಲೇಸರ್ ಯಂತ್ರದ ಮುಂದೆ ಗದ್ದ ಇಟ್ಟು ಕೂರುತ್ತಾರೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಎರಡು ವರ್ಷದ ಮಗು ಹಾಗೆ ಕೂರುವುದಿಲ್ಲ. ಆದ್ದರಿಂದ ಚಿಕ್ಕ ಮಕ್ಕಳಲ್ಲಿ ಮೊದಲ ಶಸ್ತ್ರಚಿಕಿತ್ಸೆಯಲ್ಲಿಯೇ ಚೀಲದ ಹಿಂಭಾಗವನ್ನು ತೆರೆದು, ಅದರ ಹಿಂದಿರುವ ಲೋಳೆಯಂಥ ದ್ರವವನ್ನು ಸ್ವಲ್ಪ ತೆಗೆಯುತ್ತಾರೆ. ಆರೇಳು ವರ್ಷ ದಾಟಿ, ಸಹಕರಿಸುವ ಮಗುವಾದರೆ ಚೀಲವನ್ನು ಉಳಿಸಿ, ಬೇಕಾದಾಗ ಲೇಸರ್ ಮಾಡಬಹುದು. ನಿಮ್ಮ ಮಗುವಿಗೆ ಯಾವುದು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತನಾಡಬೇಕಾದ, ಆದರೆ ಎಲ್ಲಕ್ಕಿಂತ ಕಡಿಮೆ ಮಾತನಾಡುವ ಅಪಾಯ ಗ್ಲಾಕೋಮಾ. ಇದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬರುವುದಿಲ್ಲ. ತಿಂಗಳುಗಳ, ವರ್ಷಗಳ, ಕೆಲವೊಮ್ಮೆ ದಶಕದ ನಂತರ ಸದ್ದಿಲ್ಲದೆ ಬರುತ್ತದೆ. ಒಂದೇ ಕಣ್ಣಿನ ಪೊರೆಗೆ ಏಳು ತಿಂಗಳ ಒಳಗೆ ಶಸ್ತ್ರಚಿಕಿತ್ಸೆಯಾದ 114 ಶಿಶುಗಳನ್ನು ಹಿಂಬಾಲಿಸಿದ ಅಮೆರಿಕದ ಇನ್‌ಫಂಟ್ ಅಫೇಕಿಯಾ ಟ್ರೀಟ್‌ಮೆಂಟ್ ಸ್ಟಡಿಯಲ್ಲಿ, ಐದು ವರ್ಷದ ಹೊತ್ತಿಗೆ ಶೇ 17ರಷ್ಟು, ಹತ್ತು ವರ್ಷದ ಹೊತ್ತಿಗೆ ಶೇ 22ರಷ್ಟು ಕಣ್ಣುಗಳಲ್ಲಿ ಗ್ಲಾಕೋಮಾ ಇತ್ತು. ಸಂಶಯವಿರುವ ಕಣ್ಣುಗಳನ್ನೂ ಸೇರಿಸಿದರೆ ಹತ್ತು ವರ್ಷಕ್ಕೆ ಅದು ಶೇ 40. ಬಹಳ ಎಳೆಯ ವಯಸ್ಸಿನಲ್ಲಿ ಆದ ಶಸ್ತ್ರಚಿಕಿತ್ಸೆ, ಚಿಕ್ಕ ಗಾತ್ರದ ಕಣ್ಣು, ಇವು ಸಂಭವವನ್ನು ಹೆಚ್ಚಿಸುತ್ತವೆ. ಕೂಸಿನಲ್ಲಿ ನೀರು ಸುರಿಯುವುದು, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು, ಕಪ್ಪುಗುಡ್ಡೆ ಮಬ್ಬಾಗುವುದು, ಕಣ್ಣು ದೊಡ್ಡದಾಗುವುದು ಇದರ ಲಕ್ಷಣಗಳು. ಇನ್ನೊಂದು ಲಕ್ಷಣ ಮೋಸ ಮಾಡುತ್ತದೆ: ಕನ್ನಡಕದ ಪ್ಲಸ್ ಪವರ್ ಬಹಳ ವೇಗವಾಗಿ ಇಳಿಯುವುದು. ಮನೆಯವರು ಇದನ್ನು ಸುಧಾರಣೆ ಎಂದು ಸಂತೋಷಪಡುತ್ತಾರೆ. ಒತ್ತಡದಿಂದ ಕಣ್ಣು ಹಿಗ್ಗುತ್ತಿರುವುದಕ್ಕೂ ಅದು ಸೂಚನೆಯಾಗಿರಬಹುದು. ದೊಡ್ಡ ಮಗುವಿನಲ್ಲಿ ಯಾವ ಲಕ್ಷಣವೂ ಇರುವುದಿಲ್ಲ, ಒತ್ತಡ ಅಳೆದಾಗಲೇ ತಿಳಿಯುತ್ತದೆ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಕಳಚುವುದು ಇದಕ್ಕಿಂತ ಅಪರೂಪ, ಆದರೆ ಅದಕ್ಕೂ ವರ್ಷಗಳ ನಂತರ ಬರುವ ಅಭ್ಯಾಸವಿದೆ.

ಕೃತಕ ಮಸೂರ, ಕಾಂಟ್ಯಾಕ್ಟ್ ಲೆನ್ಸ್, ಕನ್ನಡಕ: ಯಾರಿಗೆ ಯಾವುದು?

ಮಸೂರ ತೆಗೆದ ಕಣ್ಣಿಗೆ ಬೆಳಕನ್ನು ಕೇಂದ್ರೀಕರಿಸುವ ಏನಾದರೂ ಬೇಕೇ ಬೇಕು. ಅದಿಲ್ಲದೆ ಕಳೆದ ದಿನಗಳು ಪೊರೆಯೊಂದಿಗೆ ಕಳೆದ ದಿನಗಳಷ್ಟೇ ಕೆಟ್ಟವು.

ಕಣ್ಣಿನೊಳಗೆ ಕೃತಕ ಮಸೂರ ಕೂರಿಸುವುದು ಹೆಚ್ಚಿನವರಿಗೆ ಆಕರ್ಷಕವಾಗಿ ಕಾಣುತ್ತದೆ, ಒಮ್ಮೆ ಮಾಡಿಸಿದರೆ ಮುಗಿಯಿತು ಎಂಬ ಭಾವನೆಯಿಂದ. ಶಿಶುಗಳಲ್ಲಿ ಹಾಗಾಗುವುದಿಲ್ಲ. ಹುಟ್ಟಿದಾಗ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರಲ್ಲಿ 23ರಿಂದ 24. ಈ ಬೆಳವಣಿಗೆಯ ಬಹುಪಾಲು ಮೊದಲ ಎರಡು ವರ್ಷದಲ್ಲಿಯೇ ಆಗುತ್ತದೆ, ಒಳಗಿಟ್ಟ ಮಸೂರದ ಪವರ್ ಮಾತ್ರ ಬದಲಾಗುವುದಿಲ್ಲ. ಬೆಳೆಯುವ ಮಗುವಿಗೆ ಅಂಗಿಯನ್ನು ಕೊಂಚ ದೊಗಲೆಯಾಗಿ ಹೊಲಿಸುವಂತೆ, ವೈದ್ಯರು ಬೇಕೆಂದೇ ಸ್ವಲ್ಪ ಪ್ಲಸ್ ಉಳಿಯುವಂಥ ಮಸೂರ ಇಡುತ್ತಾರೆ. ಉಳಿದದ್ದನ್ನು ಕನ್ನಡಕ ತುಂಬುತ್ತದೆ. ಅಂದರೆ ಮಸೂರ ಹಾಕಿಸಿದರೂ ಕನ್ನಡಕ ತಪ್ಪುವುದಿಲ್ಲ. ಓದುವ ವಯಸ್ಸಿಗೆ ದೂರಕ್ಕೊಂದು, ಹತ್ತಿರಕ್ಕೊಂದು ಪವರ್ ಇರುವ ಬೈಫೋಕಲ್ ಕನ್ನಡಕ ಬೇಕಾಗುತ್ತದೆ.

ಮೇಲೆ ಹೇಳಿದ ಅಮೆರಿಕದ ಅಧ್ಯಯನ ನಡೆದದ್ದೇ ಈ ಪ್ರಶ್ನೆಗಾಗಿ. ಅರ್ಧದಷ್ಟು ಶಿಶುಗಳಿಗೆ ಕೃತಕ ಮಸೂರ, ಉಳಿದರ್ಧಕ್ಕೆ ಕಾಂಟ್ಯಾಕ್ಟ್ ಲೆನ್ಸ್. ಐದು ವರ್ಷದ ನಂತರವೂ ಹತ್ತು ವರ್ಷದ ನಂತರವೂ ಎರಡು ಗುಂಪಿನ ದೃಷ್ಟಿಯಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಐದು ವರ್ಷದೊಳಗೆ ಕೃತಕ ಮಸೂರದ ಗುಂಪಿನಲ್ಲಿ ಶೇ 72ರಷ್ಟು ಮಕ್ಕಳಿಗೆ ಕಣ್ಣಿನೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು, ಕಾಂಟ್ಯಾಕ್ಟ್ ಲೆನ್ಸ್ ಗುಂಪಿನಲ್ಲಿ ಶೇ 21ರಷ್ಟು ಮಕ್ಕಳಿಗೆ. ಮಸೂರ ಹಾಕಿದರೆ ಗ್ಲಾಕೋಮಾ ತಪ್ಪುತ್ತದೆ ಎಂಬ ಹಳೆಯ ಆಸೆಯೂ ಇಲ್ಲಿ ಈಡೇರಲಿಲ್ಲ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮಕ್ಕಳನ್ನು ಗಮನಿಸಿದ ಇನ್ನೊಂದು ಅಧ್ಯಯನದ ದಿಕ್ಕೂ ಇದೇ.

ಹಾಗಾಗಿ ಏಳು ತಿಂಗಳೊಳಗಿನ ಕೂಸಿಗೆ ಮಸೂರ ಹಾಕದೆ ಬಿಟ್ಟು, ಮುಂದೆ ಬೇಕಾದರೆ ಎರಡನೇ ಹಂತದಲ್ಲಿ ಹಾಕುವುದು ಹೆಚ್ಚು ಸುರಕ್ಷಿತ ಎಂದು ನಾನೂ ಒಪ್ಪುತ್ತೇನೆ. ಇದಕ್ಕೊಂದು ಷರತ್ತಿದೆ. ಕಾಂಟ್ಯಾಕ್ಟ್ ಲೆನ್ಸ್ ಎಂದರೆ ಅಳುವ ಕೂಸಿನ ಕಣ್ಣಿಗೆ ಅದನ್ನು ಹಾಕಿ ತೆಗೆಯುವ ಕೈ, ಶುಚಿತ್ವ, ಕಳೆದರೆ ತಕ್ಷಣ ಇನ್ನೊಂದನ್ನು ಕೊಳ್ಳುವ ಶಕ್ತಿ, ಕಣ್ಣು ಬೆಳೆದಂತೆ ಪವರ್ ಬದಲಿಸುವ ಓಡಾಟ. ಶುಚಿ ತಪ್ಪಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಹುಣ್ಣು. ಇದು ಸಾಧ್ಯವಾಗದೆ ಮಗು ತಿಂಗಳುಗಟ್ಟಲೆ ಲೆನ್ಸ್ ಇಲ್ಲದೆ ಉಳಿಯುವ ಪರಿಸ್ಥಿತಿಯಾದರೆ, ಕೃತಕ ಮಸೂರವೇ ಮೇಲು ಎಂದು ಅಮೆರಿಕದ ಅಧ್ಯಯನ ಮಾಡಿದವರೂ ಹೇಳಿದ್ದಾರೆ. ನಿಮ್ಮ ಮನೆಯ ಪರಿಸ್ಥಿತಿಯನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಿ. ಅದು ಚಿಕಿತ್ಸೆಯ ಆಯ್ಕೆಗೆ ಕಣ್ಣಿನ ಅಳತೆಯಷ್ಟೇ ಅಗತ್ಯವಾದ ಮಾಹಿತಿ.

ಎರಡೂ ಕಣ್ಣಿನ ಪೊರೆ ತೆಗೆದ ಕೂಸಿಗೆ ದಪ್ಪ ಗಾಜಿನ ಕನ್ನಡಕ ಒಳ್ಳೆಯ ದಾರಿ. ನೋಡಲು ಭಾರವಾಗಿ, ಕಣ್ಣು ದೊಡ್ಡದಾಗಿ ಕಾಣುತ್ತದೆ ಎಂದು ನೆಂಟರಿಷ್ಟರು ಮರುಗುತ್ತಾರೆ. ಮಗುವಿಗೆ ತಾಯಿಯ ಮುಖ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಅವರಿಗೆ ಉತ್ತರ. ಪವರ್ ಬದಲಿಸುವುದು ಸುಲಭ, ಸೋಂಕಿನ ಭಯವಿಲ್ಲ, ಮಸೂರವನ್ನು ದೊಡ್ಡವನಾದ ಮೇಲೆ ಹಾಕಿಸಬಹುದು. ಒಂದೇ ಕಣ್ಣಿನ ಪೊರೆ ತೆಗೆದ ಮಗುವಿಗೆ ಮಾತ್ರ ಈ ದಾರಿ ಅಷ್ಟಾಗಿ ಒಗ್ಗದು, ಏಕೆಂದರೆ ಎರಡು ಕಣ್ಣಿಗೆ ಬೇರೆ ಬೇರೆ ಗಾತ್ರದ ಚಿತ್ರ ಬಂದು ಮಿದುಳು ಅವುಗಳನ್ನು ಕೂಡಿಸಲಾರದು.

ಎರಡು ವರ್ಷ ದಾಟಿದ ಮಗುವಿಗೆ ಕೃತಕ ಮಸೂರವೇ ಈಗ ರೂಢಿ, ಕಣ್ಣು ತೀರಾ ಚಿಕ್ಕದಾಗಿರದಿದ್ದರೆ. ಏಳು ತಿಂಗಳಿಂದ ಎರಡು ವರ್ಷದ ನಡುವೆ ವೈದ್ಯರ ವಿವೇಚನೆಗೆ ಹೆಚ್ಚು ಜಾಗವಿದೆ. ಆ ವಯಸ್ಸಿನಲ್ಲಿ ತೊಂದರೆಗಳು ಶಿಶುಗಳಲ್ಲಿ ಆಗುವುದಕ್ಕಿಂತ ಕಡಿಮೆ.

ಎರಡೂ ಕಣ್ಣು ಒಂದೇ ದಿನವೇ?

ಒಂದೇ ದಿನ ಮಾಡಿದರೆ ಅರಿವಳಿಕೆ ಒಂದೇ ಸಲ, ಎರಡು ಕಣ್ಣಿಗೂ ಒಟ್ಟಿಗೆ ಬೆಳಕು. ಆದರೆ ಸೋಂಕು ತಗಲಿದರೆ ಎರಡಕ್ಕೂ ತಗಲಬಹುದು. ಅದಕ್ಕಾಗಿ ಎರಡನೇ ಕಣ್ಣಿಗೆ ಎಲ್ಲ ಸಲಕರಣೆ, ದ್ರವ ಬೇರೆಯಾಗಿ ಬಳಸಬೇಕು. ಹೃದಯದ ತೊಂದರೆ ಇರುವ, ಅವಧಿಗೆ ಮೊದಲೇ ಹುಟ್ಟಿದ, ಆಸ್ಪತ್ರೆಗೆ ಬಹು ದೂರದಿಂದ ಬರುವ ಮಕ್ಕಳಿಗೆ ಒಂದೇ ದಿನ ಮಾಡುವುದು ಅರ್ಥಪೂರ್ಣ. ಉಳಿದವರಿಗೆ ಕೆಲವು ದಿನಗಳಿಂದ ಒಂದೆರಡು ವಾರದ ಅಂತರ ಸಾಕು, ತಿಂಗಳುಗಟ್ಟಲೆ ಬೇಡ.

ಪಟ್ಟಿಯ ಕೆಲಸ

ಒಂದೇ ಕಣ್ಣಿನ ಪೊರೆಯಲ್ಲಿ ಶಸ್ತ್ರಚಿಕಿತ್ಸೆ ಕೆಲಸದ ಆರಂಭ ಮಾತ್ರ. ಚೆನ್ನಾಗಿರುವ ಕಣ್ಣನ್ನು ಮುಚ್ಚಿ ಹಿಂದುಳಿದದ್ದಕ್ಕೆ ದುಡಿಮೆ ಕೊಡಬೇಕು. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ ಎಂಟು ತಿಂಗಳವರೆಗೆ ಮಗುವಿಗೆ ಎಷ್ಟು ತಿಂಗಳೋ ದಿನಕ್ಕೆ ಅಷ್ಟು ಗಂಟೆ, ಆಮೇಲೆ ಮಗು ಎಚ್ಚರವಿರುವ ಹೊತ್ತಿನ ಅರ್ಧದಷ್ಟು ಪಟ್ಟಿ ಹಾಕಲು ಹೇಳಿದ್ದರು. ಇಷ್ಟೆಲ್ಲ ಮಾಡಿಯೂ ಹತ್ತನೇ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾದ ಕಣ್ಣುಗಳಲ್ಲಿ ಕಾಲು ಭಾಗ ಮಾತ್ರ 6/12 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಪಡೆದಿದ್ದವು; ಶೇ 44ರಷ್ಟು ಕಣ್ಣುಗಳ ದೃಷ್ಟಿ 6/60 ಅಥವಾ ಅದಕ್ಕಿಂತ ಕಡಿಮೆ. 6/12 ಎಂದರೆ ಸಾಮಾನ್ಯ ಕಣ್ಣಿಗೆ 12 ಮೀಟರ್ ದೂರದಿಂದ ಕಾಣುವುದು ಈ ಕಣ್ಣಿಗೆ 6 ಮೀಟರಿನಿಂದ ಕಾಣುತ್ತದೆ ಎಂದು; 6/60ರಲ್ಲಿ ಆ 12ರ ಜಾಗದಲ್ಲಿ 60. ಈ ಅಂಕಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತಂದೆತಾಯಿಗೆ ಹೇಳಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಮುಂದೇನೆಂದು ತಿಳಿದು ಒಪ್ಪಿದವರು ವರ್ಷಗಟ್ಟಲೆ ಪಟ್ಟಿ ಹಾಕುತ್ತಾರೆ; ಪವಾಡ ನಿರೀಕ್ಷಿಸಿ ಬಂದವರು ಮಗುವಿನ ಅಳುವಿಗೆ ಸೋತು ಬೇಗ ಕೈಬಿಡುತ್ತಾರೆ. ಎರಡೂ ಕಣ್ಣಿನ ಪೊರೆಗೆ ಸಕಾಲದಲ್ಲಿ ಚಿಕಿತ್ಸೆಯಾದ ಮಕ್ಕಳ ಫಲಿತಾಂಶ ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿರುತ್ತದೆ, ಅವರಲ್ಲಿ ಅನೇಕರಿಗೆ ಪಟ್ಟಿಯೇ ಬೇಕಾಗದು.

ಒಪ್ಪಿಗೆಗೆ ಸಹಿ ಹಾಕುವ ಮೊದಲು

ವೈದ್ಯರನ್ನು ನೇರವಾಗಿ ಕೇಳಿ: ಈ ಪೊರೆಯನ್ನು ಬಿಟ್ಟರೆ ಆರು ತಿಂಗಳಲ್ಲಿ ಏನಾಗುತ್ತದೆ? ಮಸೂರ ಈಗಲೋ, ಆಮೇಲೋ, ಏಕೆ? ಎರಡನೇ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಎಷ್ಟು? ಲೆನ್ಸ್ ಅಥವಾ ಕನ್ನಡಕ ಶಸ್ತ್ರಚಿಕಿತ್ಸೆಯಾದ ಎಷ್ಟು ದಿನಕ್ಕೆ ಕೈಗೆ ಸಿಗುತ್ತದೆ? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ, ವಿಳಂಬ ಹೆಚ್ಚಾಗಿ ನಡೆಯುವುದು ಅಲ್ಲಿಯೇ. ಕಣ್ಣಿನ ಒತ್ತಡ ಎಷ್ಟು ಸಲ ಅಳೆಯುತ್ತಾರೆ, ಕೂಸು ಸಹಕರಿಸದಿದ್ದರೆ ಅರಿವಳಿಕೆ ಕೊಟ್ಟು ಪರೀಕ್ಷಿಸಬೇಕೇ ಎಂಬುದನ್ನೂ ಕೇಳಿಡಿ.

ಶಸ್ತ್ರಚಿಕಿತ್ಸೆಯ ದಿನಾಂಕ, ಮಸೂರದ ಪವರ್, ಕಣ್ಣಿನ ಉದ್ದದ ಅಳತೆ, ಒತ್ತಡದ ಪ್ರತಿ ಅಳತೆ ಒಂದೇ ಕಡತದಲ್ಲಿರಲಿ. ಮಗು ದೊಡ್ಡದಾಗಿ ಬೇರೆ ಊರಿಗೆ ಹೋದರೂ ಆ ಕಡತ ಜೊತೆಗೆ ಹೋಗಬೇಕು. ಇಪ್ಪತ್ತರ ವಯಸ್ಸಿನಲ್ಲಿ ಅವರ ಒತ್ತಡ ಅಳೆಯುವ ವೈದ್ಯರಿಗೆ, ಎಂಟು ವಾರದ ಕೂಸಾಗಿದ್ದಾಗ ಅಳೆದ ಸಂಖ್ಯೆಗಳು ಬೇಕಾಗುತ್ತವೆ.